ಇಳಿಜಾರಿನ ಬಾವಿ

ಕಸ್ತೂರಿ ತನ್ನ ವೈನಿಯ, ಅಣ್ಣನ ಹೆಂಡತಿ ಕಾಜಲ್‌ಳ ಎದೆಹಾಲನ್ನು ಗಾಜಿನ ಶೀಶೆಗೆ ಹಿಡಿದಳು. ಮುಚ್ಚಳ ಬಿಗಿದಳು. ಐಸ್ ತುಂಬಿದ ಡಬ್ಬಿಯಲ್ಲಿಟ್ಟಳು. ಕೌದಿಯ ಮೇಲೆ ಕೂಸು ಹಸಿದು ಅಳುತ್ತಿತ್ತು.

"ಇದನ್ನ ಒಯ್ದು ಏನ್ ಮಾಡ್ತಾರ?" ಕಾಜಲ್ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತ ಕೇಳಿದಳು.

"ತಪಾಸ ಮಾಡ್ತಾರ ವೈನಿ. ಹೊಲಕ್ಕ ಹೊಡಿಯೋ ಎಣ್ಣಿ ಎಲ್ಲೆಲ್ಲಿ ಹೋಗಿ ಸೇರ್ತೈತಿ ಅಂತ ನೋಡ್ತಾರ."

"ನನ್ನ ಎದಿಯಾಗ ಎಣ್ಣಿ ಇರ್ತೈತೇನು?"

"ಇರಾಕಿಲ್ಲ ಬಿಡು. ನೋಡ್ತಾರ ಅಷ್ಟ."

ಅದು ಬೇಸಿಗೆಯ ಮಾತು. ಅವತ್ತು ಕೇರಿಯ ಯಾವ ಹೆಂಗಸೂ ಇಲ್ಲ ಅನ್ನಲಿಲ್ಲ. ಕೇಳಿದವಳು ಕಸ್ತೂರಿ. ಕೆಂಪವ್ವನ ಮಗಳು. ಬೆಳಗಾವಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿ ಬಂದವಳು. ಅವಳ ಮಾತಿಗೆ ನರ್ಸಿನ ಸೂಜಿಗೆ ತೋಳು ಚಾಚಿದರು. ಅವಳು ಡಬ್ಬಿ ಹಿಡಿದರೆ ಮರೆಗೆ ಹೋಗಿ ಉಚ್ಚೆ ತಂದುಕೊಟ್ಟರು. ಕೇರಿಯ ಮುದುಕಿ ಮಾಯವ್ವ ಆಯಿ ಮಾತ್ರ, "ಹಾಲು ಒಂದ್ ಬಿಡಬೇಕಿತ್ತವ್ವ, ಕೂಸಿನ ಪಾಲದು," ಎಂದು ಗೊಣಗಿದ್ದಳು.

ಮಸಗುಪ್ಪಿಯಿಂದ ಹಳ್ಳದ ಕಡೆಗೆ ರಸ್ತೆ ಇಳಿಯುತ್ತದೆ. ಎರಡೂ ಬದಿಗೆ ಕಬ್ಬು. ಕಬ್ಬು ಮುಗಿದಲ್ಲಿ ಕೇರಿ. ಕೇರಿಯ ತಲೆಯ ಮೇಲೆ ಶಿದ್ಲಿಂಗಪ್ಪ ಸಾವಕಾರನ ಹೊಲ. ಆ ಹೊಲದ ಹೆಚ್ಚುವರಿ ನೀರೆಲ್ಲ ಇಳಿದು, ಕೇರಿಯ ಬಾವಿಯ ಮಗ್ಗುಲಿನ ಕಾಲುವೆಯಲ್ಲಿ ಹರಿದು ಹಳ್ಳ ಸೇರುತ್ತದೆ. ಊರಿನ ನಲ್ಲಿಯ ಪೈಪು ಮೇಲಿನ ಓಣಿಯವರೆಗೆ ಬಂದು ನಿಂತಿದೆ. ಮುಂದಿನ ವರ್ಷ ಕೆಳಗೆ ಇಳಿಸುತ್ತೇವೆ ಎನ್ನುತ್ತಾರೆ. ಎಷ್ಟೋ ಮುಂದಿನ ವರ್ಷಗಳು ಹೋದವು. ಕೇರಿ ಬಾವಿಯ ನೀರನ್ನೇ ಕುಡಿಯುತ್ತದೆ.

ಆ ಹೊಲಕ್ಕೆ ಎಣ್ಣೆ ಹೊಡೆಯುವವನು ಕಸ್ತೂರಿಯ ಅಣ್ಣ ಅರ್ಜುನ. ಕಳೆ ಸಾಯಿಸುವ ಔಷಧಕ್ಕೂ ಹುಳ ಸಾಯಿಸುವ ಔಷಧಕ್ಕೂ ಇಲ್ಲಿ ಒಂದೇ ಹೆಸರು, ಎಣ್ಣೆ. ಪಂಪಿನ ಬುಡ ಸೋರುತ್ತದೆ. ಅವನ ನಡುವಿನ ಚರ್ಮ ಸುಲಿದು ಕೆಂಪಾಗಿದೆ. ಸಂಜೆ ಅಂಗಿ ಬಿಚ್ಚುವಾಗ ಚರ್ಮವೂ ಜೊತೆಗೆ ಬರುತ್ತದೆ. ಕಾಜಲ್ ಕೊಬ್ಬರಿ ಎಣ್ಣೆ ಸವರುತ್ತಾಳೆ. ಮರುದಿನ ಅದೇ ಹುಣ್ಣಿನ ಮೇಲೆ ಅದೇ ಪಂಪು. ತಾಯಿ ಕೆಂಪವ್ವ ಅದೇ ಕಬ್ಬಿನಲ್ಲಿ ರವದಿ ಸುಲಿಯುತ್ತಾಳೆ. ಒಣ ಗರಿ ಮೊಣಕೈವರೆಗೆ ಕೊಯ್ಯುತ್ತದೆ. ಕೊಯ್ದ ಗಾಯಕ್ಕೆ ಬೆವರು ಇಳಿದು ಉರಿಯುತ್ತದೆ. ಉರಿಯುತ್ತಲೇ ದುಡಿಯುತ್ತಾಳೆ.

ಈ ಊರಿಗೆ ಯೋಜನೆ ಬಂತು. ದೊಡ್ಡ ಯೋಜನೆ. ಸ್ವೀಡನ್, ಬ್ರೆಜಿಲ್, ಭಾರತ, ಮೂರು ದೇಶದವರು ಕೂಡಿ ಮಾಡುವುದು. ಹೊಲಕ್ಕೆ ಬಿದ್ದ ರಾಸಾಯನಿಕ ಮಣ್ಣಿನಲ್ಲಿ, ಗಾಳಿಯಲ್ಲಿ, ನೀರಿನಲ್ಲಿ, ಮನುಷ್ಯರ ಮೈಯಲ್ಲಿ ಹೇಗೆ ಸಾಗುತ್ತದೆ ಎಂದು ಹುಡುಕುವುದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಿಂದ ಶುರುಮಾಡಿ, ಗೋಕಾಕ ದಾಟಿ, ಮೂಡಲಗಿಯ ಕಾಲುವೆಗಳ ಕೊನೆಯವರೆಗೆ ಮಾದರಿ ತೆಗೆಯುವುದು. ಮಣ್ಣಿನವರು ಬೇರೆ, ನೀರಿನವರು ಬೇರೆ, ರಕ್ತ ನೋಡುವ ವೈದ್ಯರು ಬೇರೆ. ಎಲ್ಲರನ್ನೂ ಕೂಡಿಸಿದವರು ಬೆಂಗಳೂರಿನ ಒಂದು ಸಂಸ್ಥೆಯ ಡಾ. ಅನುರಾಧಾ. ನಗುನಗುತ್ತ ಮಾತಾಡುವ ಹೆಂಗಸು. ಮಾದರಿ ತರುವ ಕೆಲಸಕ್ಕೆ ಕಸ್ತೂರಿಯನ್ನು ತೆಗೆದುಕೊಂಡವರೂ ಅವರೇ. ಕಸ್ತೂರಿಯ ಹೆಗಲ ಮೇಲೆ ಕೈಯಿಟ್ಟು, "ನೀನಿಲ್ಲದಿದ್ದರೆ ಆ ಮನೆಗಳ ಬಾಗಿಲು ನಮಗೆ ತೆರೀತಿರಲಿಲ್ಲ," ಅಂದಿದ್ದರು. ಕಸ್ತೂರಿಗೆ ಆಗ ಹೆಮ್ಮೆಯಾಗಿತ್ತು.

ಮಾದರಿ ತೆಗೆದ ದಿನವೇ ಶಿದ್ಲಿಂಗಪ್ಪನ ಮನೆಯಲ್ಲಿ ತಂಡಕ್ಕೆ ಊಟವಿತ್ತು. ಪಡಸಾಲೆಯಲ್ಲಿ ಸಾಲಾಗಿ ಸ್ಟೀಲ್ ಗಂಗಾಳ. ಎಣಗಾಯಿ, ರೊಟ್ಟಿ, ಹೋಳಿಗೆ. ಕಸ್ತೂರಿ ಚಪ್ಪಲಿ ಬಿಟ್ಟು ಮೆಟ್ಟಿಲು ಏರುವಷ್ಟರಲ್ಲಿ ಸಾವಕಾರನ ತಾಯಿ ಭರಮವ್ವ ಎದುರು ಬಂದಳು. ಕೈಯಲ್ಲಿ ಕಾಗದದ ತಾಟು.

"ನೀ ಇಲ್ಲೇ ಗಾಳಿಗಿ ಕುಂದ್ರವಾ. ಒಳಗ ಸೆಕಿ ಭಾಳ ಐತಿ."

ಗಾಳಿಗೆ ಅಂದರೆ ದನದ ಕೊಟ್ಟಿಗೆಯ ಮುಂದೆ. ಕಸ್ತೂರಿ ಐಸ್ ಡಬ್ಬಿಯ ಮೇಲೆ ಕೂತಳು. ಸ್ವೀಡನ್ನಿನ ಯೊಹಾನ್ ಒಳಗಿನಿಂದ ನೋಡಿ ಕೈಬೀಸಿದ. ಅವಳು ಮಾದರಿ ಕಾಯುತ್ತಿದ್ದಾಳೆ ಎಂದುಕೊಂಡಿರಬೇಕು. ಅನುರಾಧಾ ಮೇಡಂ ಕೂಡ ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಅವರ ಮುಖದಲ್ಲಿ ಕಂಡಿತು. ಆಮೇಲೆ ಅವರು ಗಂಗಾಳಕ್ಕೆ ತಲೆ ಬಗ್ಗಿಸಿದರು.

ವಾಹನದಲ್ಲಿ ಹೋಗುವಾಗ ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕೋಬೇಡ. ನಮಗೆ ಅವರ ಹೊಲ ಬೇಕು."

ಕಸ್ತೂರಿ ಹೂಂ ಅಂದಳು.

ಮಳೆಗಾಲ ಕಳೆಯಿತು. ದೀಪಾವಳಿ ಮುಗಿಯಿತು. ಸಕ್ಕರೆ ಕಾರ್ಖಾನೆಗಳು ಶುರುವಾಗಿ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಂಡವು. ಎರಡನೇ ಸುತ್ತಿನ ಮಾದರಿಗೆ ತಂಡ ಮತ್ತೆ ಬಂತು. ಹುಕ್ಕೇರಿ ಕಡೆಯ ಕೆಲಸ ಮುಗಿಸಿ ಎಲ್ಲರೂ ಗೋಕಾಕಿಗೆ ಇಳಿಯುತ್ತಿದ್ದರು. ಹಿಂದಿನ ವಾಹನದಲ್ಲಿ ಯೊಹಾನ್ ಮತ್ತು ಕಸ್ತೂರಿ. ಅವನು ನೀರಿನ ವಿಜ್ಞಾನಿ. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ನಿಧಾನವಾಗಿ.

"ಈಗ ಅವರು ನೀರು ಎಲ್ಲಿಂದ ತರುತ್ತಾರೆ?" ಕೇಳಿದ.

"ಯಾರು?"

"ನಿಮ್ಮ ಊರಿನ ಇಳಿಜಾರಿನ ಬಾವಿಯವರು."

"ಅದೇ ಬಾವಿಯಿಂದ."

ಯೊಹಾನ್ ಕನ್ನಡಕ ತೆಗೆದ. ಮತ್ತೆ ಹಾಕಿಕೊಂಡ. "ಅವರಿಗೆ ಯಾರೂ ಹೇಳಿಲ್ಲವೇ?"

"ಏನು ಹೇಳಬೇಕಿತ್ತು?"

ಆಗ ಅವನು ಹೇಳಿದ. ಮೂರು ತಾಲ್ಲೂಕುಗಳಲ್ಲಿ ನೋಡಿದ ಎಲ್ಲ ಬಾವಿಗಳಿಗಿಂತ ಅದು ಕೆಟ್ಟದ್ದು. ಕಳೆನಾಶಕ ಅದರಲ್ಲಿ ಇರಬಹುದಾದ ಮಿತಿಯನ್ನು ಎಷ್ಟೋ ಪಟ್ಟು ಮೀರಿದೆ. ಜನರ ರಕ್ತದಲ್ಲಿದೆ. ಹಾಲಿನಲ್ಲೂ ಇದೆ. ಮಳೆಗಾಲಕ್ಕೆ ಮೊದಲೇ ಗೊತ್ತಾಗಿತ್ತು. ಹೊಲದ ತಲೆಯಲ್ಲಿರುವ ಶಿದ್ಲಿಂಗಪ್ಪನ ಬೋರಿನಲ್ಲಿ ಮಾತ್ರ ಏನೂ ಇಲ್ಲ. ಅದು ಮೇಲಿದೆ, ಆಳವಾಗಿದೆ.

"ಯಾರ ಹಾಲು?" ಕಸ್ತೂರಿ ಕೇಳಿದಳು. ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

"ನೀವು ತಂದ ಎಲ್ಲ ಹಾಲು."

ಅವಳು ಡ್ರೈವರನಿಗೆ ನಿಲ್ಲಿಸು ಅಂದಳು. ಇಳಿದಳು. ರಸ್ತೆಯ ಅಂಚಿನಲ್ಲಿ ನಿಂತಳು. ಕಬ್ಬಿನ ಟ್ರ್ಯಾಕ್ಟರು ಒಂದರ ಹಿಂದೆ ಒಂದು ಹೋದವು. ಧೂಳು ಬಾಯಿಗೆ ಬಂತು. ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಕಡೆ ನಡೆದಳು, ಈ ಕಡೆ ನಡೆದಳು. ಯೊಹಾನ್ ಇಳಿದು ಬಂದ.

"ನನಗೆ ಗೊತ್ತಿರಲಿಲ್ಲ," ಅಂದ. "ಜನರಿಗೆ ತಿಳಿಸುವುದು ಸಮಾಜಶಾಸ್ತ್ರದ ತಂಡದ ಪಾಲು. ಅವರು ತಿಳಿಸಿದ್ದಾರೆ ಅಂದುಕೊಂಡಿದ್ದೆ."

ಗೋಕಾಕಿನ ಲಾಡ್ಜಿನ ವರಾಂಡದಲ್ಲಿ ಅನುರಾಧಾ ಮೇಡಂ ಚಹಾ ಕುಡಿಯುತ್ತ ಕೂತಿದ್ದರು. ಕಸ್ತೂರಿ ಎದುರಿಗೆ ಹೋಗಿ ನಿಂತಳು. ಕೂತುಕೋ ಅಂದರು. ಕೂರಲಿಲ್ಲ.

"ಮೇಡಂ, ಬಾವಿ ಕೆಟ್ಟೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

ಮೇಡಂ ಕಪ್ಪು ಕೆಳಗಿಟ್ಟರು. "ಯಾರು ಹೇಳಿದ್ರು?"

"ಗೊತ್ತಿತ್ತೋ ಇಲ್ಲೋ?"

"ಮೊದಲ ಅಂದಾಜು ಬಂದಿತ್ತು. ಸಮಾಜಶಾಸ್ತ್ರದ ತಂಡ ಮುಂದಿನ ವರ್ಷ ಬರುತ್ತೆ ಕಸ್ತೂರಿ. ಅವರ ಅನುದಾನ ಆಮೇಲೆ. ಅವರು ಬಂದು ಸರಿಯಾದ ರೀತೀಲಿ ಹೇಳ್ತಾರೆ."

"ಡಾಕ್ಟ್ರು ಹೇಳಬಹುದಿತ್ತಲ್ರಿ."

"ಅವರು ರಕ್ತ ನೋಡೋರು. ನೀರಿನ ಬಗ್ಗೆ ಅವರು ಮಾತಾಡೋ ಹಾಗಿಲ್ಲ."

"ನೀರಿನವ್ರು?"

"ಅವರು ಆರೋಗ್ಯದ ಬಗ್ಗೆ ಮಾತಾಡೋ ಹಾಗಿಲ್ಲ. ಮೂರು ದೇಶದ ಒಪ್ಪಂದ ಇದು. ಪ್ರಬಂಧ ಪ್ರಕಟ ಆಗೋವರೆಗೆ ಯಾರೂ ಏನೂ ಹೊರಗೆ ಹೇಳೋ ಹಾಗಿಲ್ಲ. ಈಗ ಗಲಾಟೆ ಆದ್ರೆ ಶಿದ್ಲಿಂಗಪ್ಪನವರು ಹೊಲಕ್ಕೆ ಬಿಡ್ತಾರಾ? ಸ್ವಲ್ಪ ದೊಡ್ಡದಾಗಿ ಯೋಚನೆ ಮಾಡು. ನಾಳೆ ಇಂಥ ಸಾವಿರ ಬಾವಿಗೆ ಇದರಿಂದ ಉಪಯೋಗ."

"ಅಲ್ಲೀತನ ಈ ಬಾವಿದು ಕುಡೀಲಿ ಅಂತೀರಿ."

"ನಾನು ಹಾಗೆ ಹೇಳಲಿಲ್ಲ." ಮೇಡಂ ದನಿ ಗಡುಸಾಯಿತು. "ನೀನೂ ವಿಜ್ಞಾನ ಓದಿದೋಳು. ನಾಳೆ ಮಾದರಿ ತೆಗೀಬೇಕು. ಈಗ ಅವರು ನೀರು ಬದಲಾಯಿಸಿದ್ರೆ ಮೊದಲನೇ ಸುತ್ತಿಗೂ ಎರಡನೇದಕ್ಕೂ ಹೋಲಿಕೆ ಮಾಡೋಕೆ ಆಗುತ್ತಾ?"

ಹೇಳಿದ ಮೇಲೆ ತಮ್ಮ ಮಾತು ಅವರಿಗೇ ಕೇಳಿಸಿತು. ಮುಖ ಬೇರೆ ಕಡೆ ತಿರುಗಿಸಿದರು.

ಕಸ್ತೂರಿ ಬಸ್ ಸ್ಟ್ಯಾಂಡಿಗೆ ಓಡಿದಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಿಲ್ಲ. ಕಲ್ಲೋಳಿಯಲ್ಲಿ ಇಳಿದಳು. ಟಂಟಂ ಆಟೋ ಕಾಯುವ ತಾಳ್ಮೆ ಇರಲಿಲ್ಲ. ಕಬ್ಬಿನ ನಡುವಿನ ದಾರಿ ಹಿಡಿದು ಬಿರುಸಾಗಿ ನಡೆದಳು. ನಡೆಯುತ್ತ ತನಗೇ ತಾನು ಬೈದುಕೊಂಡಳು. ಇರಾಕಿಲ್ಲ ಬಿಡು ಅಂದಿದ್ದ ಬಾಯಿ ಅವಳದೇ.

ಹೊತ್ತು ಇನ್ನೂ ಮುಳುಗಿರಲಿಲ್ಲ. ಕಾಜಲ್ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು. ಕಸ್ತೂರಿ ಕೊಡ ಕಸಿದು ನೆಲಕ್ಕೆ ಸುರಿದಳು.

"ಹುಚ್ಚ ಹಿಡದೈತೇನ ನಿನಗ?"

"ಕುಡೀಬ್ಯಾಡ ವೈನಿ. ಯಾರೂ ಕುಡೀಬ್ಯಾಡ್ರಿ."

ಹೆಂಗಸರು ಕೂಡಿದರು. ಕಸ್ತೂರಿ ಎಲ್ಲವನ್ನೂ ಹೇಳಿದಳು. ಮುಚ್ಚಿಡಲಿಲ್ಲ, ಮೆತ್ತಗೂ ಮಾಡಲಿಲ್ಲ. ಮೇಡಂ ಕೊನೆಗೆ ಆಡಿದ ಮಾತನ್ನೂ ಆಡಿ ತೋರಿಸಿದಳು. ಕೆಂಪವ್ವ ಕೆಲಸದಿಂದ ಆಗಷ್ಟೇ ಬಂದಿದ್ದಳು. ತಲೆಯಲ್ಲಿ ಇನ್ನೂ ರವದಿಯ ಚೂರಿತ್ತು. ಮಗಳ ಮುಂದೆ ಬಂದು ನಿಂತಳು.

"ನೀ ಕೇಳ್ದಿ ಅಂತ ಕೊಟ್ಟೀವಿ. ಆ ಮಂದಿ ಕೇಳಿದ್ರ ಕೊಡತಿದ್ದಿಲ್ಲ. ನಮ್ಮ ಮನಿ ಹುಡುಗಿ ಅಂತ ಕೊಟ್ಟೀವಿ. ಕೊಟ್ಟ ಮ್ಯಾಲ ಏನ ಬಂತು ಅಂತ ನೀ ಒಂದಿನ ಆದ್ರೂ ಕೇಳಿದ್ದೇನ?"

"ಇಲ್ಲವ್ವ."

"ಯಾಕ ಕೇಳಲಿಲ್ಲ?"

ಕಸ್ತೂರಿ ಕೆಲಸ ಹೋದೀತೆಂದು ಕೇಳಿರಲಿಲ್ಲ. ಅವರು ದೊಡ್ಡವರು, ತಾವಾಗಿಯೇ ಹೇಳುತ್ತಾರೆ ಎಂದು ನಂಬಿದ್ದಳು. ಅದನ್ನು ಅವ್ವನ ಮುಂದೆ ಹೇಗೆ ಹೇಳುವುದು.

ಕಾಜಲ್ ಅಳಲಿಲ್ಲ, ಕೂಗಲಿಲ್ಲ. ಮಗುವನ್ನು ಸೊಂಟದ ಮೇಲೆ ಏರಿಸಿಕೊಂಡು ಕೇಳಿದಳು. "ಅದೆಲ್ಲಾ ಇರಲಿ. ನಾ ಇದಕ್ಕ ಮೊಲಿ ಕೊಡ್ಲೋ ಬ್ಯಾಡೋ? ಅಷ್ಟ ಹೇಳು."

ಕಸ್ತೂರಿಗೆ ಅದೂ ಗೊತ್ತಿರಲಿಲ್ಲ. ಅಲ್ಲಿಂದಲೇ ಯೊಹಾನನಿಗೆ ಫೋನು ಮಾಡಿದಳು. ಅವನು ತಂಡದ ವೈದ್ಯೆಯನ್ನು ಕೇಳಿ ಹೇಳಿದ. ಹಾಲು ನಿಲ್ಲಿಸಬಾರದು. ನಿಲ್ಲಿಸಿದರೆ ಮಗುವಿಗೆ ಇನ್ನೂ ಕೆಡುಕು. ತಾಯಿ ಕುಡಿಯುವ ನೀರು ಬದಲಾಗಬೇಕು. ಇಷ್ಟು ಹೇಳಲು ಅವರಿಗೆ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇದಕ್ಕೆ ಒಂದು ಮಳೆಗಾಲ ಯಾಕೆ ಬೇಕಾಯಿತು?

"ಕೊಡು ವೈನಿ. ನೀ ಮಾತ್ರ ಬ್ಯಾರೆ ನೀರು ಕುಡೀಬೇಕು."

"ಬ್ಯಾರೆ ನೀರು ಎಲ್ಲೈತಿ?"

ಎಲ್ಲರ ಕಣ್ಣು ಮೇಲಿನ ಹೊಲದ ಬೋರಿನ ಕಡೆಗೆ ಹೋಯಿತು.

ಮರುದಿನ ಬೆಳಿಗ್ಗೆ ವಾಹನಗಳು ಕೇರಿಗೆ ಇಳಿದವು. ಅನುರಾಧಾ ಮೇಡಂ, ಯೊಹಾನ್, ಬ್ರೆಜಿಲ್‌ನ ವೈದ್ಯೆ, ಸೂಜಿ ಹಿಡಿದ ನರ್ಸು. ಹೆಂಗಸರು ಸಮಾಜ ಮಂದಿರದ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಖಾಲಿ ಕೊಡಗಳು. ನರ್ಸು ಮೇಜು ಹಾಕಿದಳು. ಯಾರೂ ಏಳಲಿಲ್ಲ. ಯಾರೂ ತೋಳು ಮೇಲೆ ಮಾಡಲಿಲ್ಲ.

ಮಾಯವ್ವ ಆಯಿ ಕೂತಲ್ಲಿಂದಲೇ ಶುರುಮಾಡಿದಳು.

"ರಗತ ಬೇಕಂದ್ರಿ, ಕೊಟ್ಟಿವಿ. ಉಚ್ಚಿ ಬೇಕಂದ್ರಿ, ಕೊಟ್ಟಿವಿ. ಹಾಲು ಬೇಕಂದ್ರಿ, ಕೂಸಿನ ಬಾಯಿಂದ ಬಿಡಿಸಿ ಕೊಟ್ಟಿವಿ. ಈಗ ನಮಗ ಒಂದ ಮಾತು ಬೇಕಾಗೈತಿ. ನೀವು ಕೊಡ್ರಿ."

"ಏನಮ್ಮ ಅದು?" ಮೇಡಂ ಕೇಳಿದರು.

"ಆ ಬಾವಿ ನೀರು ಕುಡೀಬೇಕೋ ಕುಡೀಬಾರ್ದೋ?" ಇದನ್ನು ಕೇಳಿದವಳು ಕೆಂಪವ್ವ.

"ನೋಡಿ, ಇದು ಸ್ವಲ್ಪ ಸೂಕ್ಷ್ಮ ವಿಷಯ. ಎಷ್ಟು ಪ್ರಮಾಣ, ಎಷ್ಟು ಕಾಲ, ಇನ್ನೂ ಪೂರ್ತಿ ಲೆಕ್ಕ..."

"ಕುಡೀಬೇಕೋ, ಕುಡೀಬಾರ್ದೋ?"

ಮೇಡಂ ಯೊಹಾನನ ಕಡೆ ನೋಡಿದರು. ಯೊಹಾನ್ ತನ್ನ ಬೂಟು ನೋಡಿಕೊಂಡ. ಬ್ರೆಜಿಲ್‌ನ ವೈದ್ಯೆ ಕನ್ನಡ ತಿಳಿಯದೆ ಎಲ್ಲರ ಮುಖ ನೋಡಿದಳು. ಕೆಂಪವ್ವ ಕಾದಳು. ಆಮೇಲೆ ಸೀರೆ ಕೊಡವಿ ಎದ್ದಳು.

"ತಿಳೀತು. ಏಳ್ರವಾ."

ಹೆಂಗಸರು ಕೊಡ ಎತ್ತಿಕೊಂಡರು. ಮೇಡಂ ಗಾಬರಿಯಾದರು.

"ಕಸ್ತೂರಿ, ಅವರನ್ನ ನಿಲ್ಲಿಸು. ಬಾ, ಈ ಡಬ್ಬಿ ಹಿಡ್ಕೋ."

ಡಬ್ಬಿ ವಾಹನದ ಬಾಗಿಲಲ್ಲಿತ್ತು. ಆ ಹಿಡಿಕೆ ಅವಳ ಅಂಗೈಗೆ ರೂಢಿ. ಕಸ್ತೂರಿ ಕೈ ಚಾಚಲಿಲ್ಲ.

"ನಿಮ್ಮ ಡಬ್ಬಿ ನೀವ ಹೊರ್ರಿ ಮೇಡಂ."

"ಕೆಲಸದ ಬಗ್ಗೆ ಯೋಚನೆ ಮಾಡಿ ಮಾತಾಡು."

"ಮಾಡೇನ್ರಿ. ನಿನ್ನೆಯಿಂದ ಅದನ್ನ ಮಾಡಾಕತ್ತೇನಿ."

ಅವಳು ಮನೆಯ ಕೊಡ ತಲೆಯ ಮೇಲಿಟ್ಟು ಹೆಂಗಸರ ಸಾಲಿಗೆ ಸೇರಿದಳು.

ಇಳಿಜಾರು ಏರಿದರು. ಕೆಲಸಕ್ಕೆ ಹೋಗುವಾಗ ದಿನವೂ ಏರುವ ದಾರಿ ಅದು. ಆದರೆ ಕೊಡ ಹಿಡಿದು ಯಾರೂ ಏರಿರಲಿಲ್ಲ. ಶಿದ್ಲಿಂಗಪ್ಪ ಬೋರಿನ ಹತ್ತಿರವೇ ಇದ್ದ. ಮೋಟಾರು ನಡೆದಿತ್ತು. ದಪ್ಪ ನೀರು ತೊಟ್ಟಿಗೆ ಬೀಳುತ್ತಿತ್ತು.

"ಏ, ಅಲ್ಲೇ ನಿಂದರ್ರಿ. ಯಾರು ಕರದಾರ ನಿಮ್ಮನ್ನ?"

"ಯಾರೂ ಕರದಿಲ್ರಿ," ಕೆಂಪವ್ವ ಹೇಳಿದಳು. "ನಿಮ್ಮ ಹೊಲದ ಎಣ್ಣಿ ನಮ್ಮ ಬಾವಿಗಿ ಬಂದೈತಿ. ಅದನ್ನೂ ಯಾರೂ ಕರದಿದ್ದಿಲ್ಲ."

"ಮೈಲಿಗಿ ಮಾಡಾಕ ಬಂದೀರೇನ? ಕೊಡ ಹಚ್ಚಿದ್ರ ನಾಳಿಂದ ಕೇರಿಯವ್ರು ಒಬ್ರೂ ನನ್ನ ಹೊಲದಾಗ ಕಾಲ ಇಡೂದಿಲ್ಲ. ನೆನಪ ಇರಲಿ."

ಕಬ್ಬಿನ ಸಾಲಿನಿಂದ ಅರ್ಜುನ ಬಂದ. ಬೆನ್ನ ಮೇಲೆ ಪಂಪು. ಹೆಂಡತಿಯನ್ನು ನೋಡಿದ, ಅವ್ವನನ್ನು ನೋಡಿದ. ಪಂಪಿನ ಪಟ್ಟಿ ಬಿಚ್ಚಿದ. ಸಾವಕಾರನ ಮುಂದೆ ಇಟ್ಟ. ಅಂಗಿಯ ಹಿಂಭಾಗ ಹುಣ್ಣಿಗೆ ಅಂಟಿತ್ತು.

"ನಾಳಿಂದ ಯಾಕ್ರಿ? ಇವತ್ತಿಂದ ನಾ ಬರೂದಿಲ್ಲ."

ಕೆಂಪವ್ವ ನೀರಿಗೆ ಕೊಡ ಹಿಡಿದಳು. ಒಂದು ತುಂಬಿತು. ಕಾಜಲ್ ಮುಂದೆ ಬಂದಳು. ಅವಳ ಕೊಡ ಅರ್ಧ ತುಂಬುವಷ್ಟರಲ್ಲಿ ಶಿದ್ಲಿಂಗಪ್ಪ ಮೋಟಾರು ಆರಿಸಿದ. ನೀರು ಸಣ್ಣಗಾಗಿ ನಿಂತಿತು.

ಹೆಂಗಸರು ಹೊಲದ ಬಾಯಿಗೆ ಬಂದು ರಸ್ತೆಯ ಮೇಲೆ ಕೊಡಗಳನ್ನಿಟ್ಟು ಕೂತರು. ಕಬ್ಬು ಹೊತ್ತ ಟ್ರ್ಯಾಕ್ಟರು ಬಂದು ನಿಂತಿತು. ಅದರ ಹಿಂದೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಸಾಲು ಊರಿನ ಅಗಸೆ ಬಾಗಿಲು ಮುಟ್ಟಿತು. ಡ್ರೈವರರು ಹಾರ್ನು ಹೊಡೆದರು, ಬೈದರು, ಆಮೇಲೆ ನೆರಳಿಗೆ ಹೋಗಿ ಮಲಗಿದರು. ಕಡಿದ ಕಬ್ಬು ಒಣಗಿದರೆ ತೂಕ ಬೀಳುತ್ತದೆ. ಅದು ಸಾವಕಾರನಿಗೂ ಗೊತ್ತು, ಕೆಂಪವ್ವನಿಗೂ ಗೊತ್ತು.

ಮೂಡಲಗಿಯಿಂದ ಪೊಲೀಸರು ಬಂದರು. ಏಳಿ ಅಂದರು. ಏಳಲಿಲ್ಲ. ಆಮೇಲೆ ತಹಶೀಲ್ದಾರರು ಬಂದರು. ಟ್ಯಾಂಕರಿನಲ್ಲಿ ನೀರು ಕಳಿಸುತ್ತೇವೆ ಅಂದರು.

"ಟ್ಯಾಂಕರ್ ಇವತ್ತಿಗಿ ಆತು," ಕಸ್ತೂರಿ ಹೇಳಿದಳು. "ಪೈಪು ಮ್ಯಾಲಿನ ಓಣಿ ತನ ಬಂದು ನಿಂತೈತ್ರಿ ಸಾಹೇಬ್ರ. ಅದಕ್ಕ ಕೆಳಗ ಇಳಿಯೋ ದಾರಿ ಯಾರು ಬಂದ್ ಮಾಡ್ಯಾರ, ಅದನ್ನ ಹೇಳ್ರಿ."

ತಹಶೀಲ್ದಾರರು ಟ್ರ್ಯಾಕ್ಟರುಗಳ ಸಾಲು ನೋಡಿದರು. ಫೋನುಗಳು ಹೋದವು. ಫೋನುಗಳು ಬಂದವು. ಪೈಪು ತುಂಬಿದ ಲಾರಿ ಕಣ್ಣಿಗೆ ಬೀಳುವವರೆಗೆ ಹೆಂಗಸರು ಜಾಗ ಬಿಡಲಿಲ್ಲ. ಅದು ಬಂದದ್ದು ಮರುದಿನ.

ಪೈಪು ಬಂತು, ಹೂಳುವವರು ಬರಲಿಲ್ಲ. ಗುತ್ತಿಗೆದಾರನಿಗೆ ಯಾರೋ ಬೇಡ ಅಂದಿದ್ದರು. ಕೇರಿಯವರೇ ತಗ್ಗು ತೆಗೆದರು. ಕಸ್ತೂರಿ ಗುದ್ದಲಿ ಹಿಡಿದಳು. ಕರಿ ಮಣ್ಣು ಗಟ್ಟಿಯಾಗಿತ್ತು. ಅಂಗೈ ಬೊಬ್ಬೆ ಒಡೆದು ನೀರು ಬಂತು. ಅರ್ಜುನ ಪಕ್ಕದಲ್ಲೇ ಅಗೆಯುತ್ತಿದ್ದ. ಮೇಲಿನ ಹೊಲಗಳಿಂದ ಕೇರಿಗೆ ಕೆಲಸದ ಕರೆ ನಿಂತುಹೋಗಿತ್ತು. ಉಳಿದವರು ಟಂಟಂ ಹತ್ತಿ ನಾಗನೂರಿನ ಕಡೆ ದುಡಿಯಲು ಹೋಗಿ ಬರುತ್ತಿದ್ದರು. ಬಂದವರು ಕತ್ತಲಾಗುವವರೆಗೆ ಅಗೆಯುತ್ತಿದ್ದರು.

ತಗ್ಗಿನಲ್ಲಿರುವಾಗಲೇ ಮೇಡಂ ಫೋನು ಬಂತು.

"ಆದದ್ದು ಆಯ್ತು ಕಸ್ತೂರಿ. ಪ್ರಬಂಧದಲ್ಲಿ ಲೇಖಕರ ಜೊತೆ ನಿನ್ನ ಹೆಸರೂ ಹಾಕ್ತೀವಿ. ಸ್ವೀಡನ್‌ನಲ್ಲಿ ಪಿಎಚ್‌ಡಿಗೂ ದಾರಿ ಆಗುತ್ತೆ. ಅವರನ್ನ ಒಪ್ಪಿಸು. ಎರಡನೇ ಸುತ್ತು ಒಂದು ಆಗಲಿ."

"ನಾ ಓದೂದು ನಾ ನೋಡ್ಕೋತೀನ್ರಿ. ನೀವು ಇಲ್ಲಿ ಬಂದು, ಆ ಕಟ್ಟಿ ಮುಂದ ನಿಂತು, ಗೊತ್ತಿದ್ದೂ ಹೇಳಲಿಲ್ಲ ಅಂತ ಹೇಳ್ರಿ. ಆಮ್ಯಾಲ ಕೊಡೂದು ಬಿಡೂದು ಅವ್ರಿಗಿ ಬಿಟ್ಟಿದ್ದು."

ಕಸ್ತೂರಿ ಫೋನು ಕಿಸೆಗಿಟ್ಟು ಅಗೆದಳು.

ನೀರು ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಕೇರಿಯ ಹೆಂಗಸರೆಲ್ಲ ನಲ್ಲಿಯ ಸುತ್ತ ನಿಂತರು. ಮಾಯವ್ವ ಆಯಿ ಬೊಗಸೆ ಹಿಡಿದಳು. ಬಾಯಿಗೆ ತರುವಷ್ಟರಲ್ಲಿ ಕಾಜಲ್ ಅಂದಳು.

"ಇದನ್ನ ಯಾರು ತಪಾಸ ಮಾಡ್ಯಾರ?"

ಮಾಯವ್ವನ ಬೊಗಸೆ ಅಲ್ಲೇ ನಿಂತಿತು. ನೀರು ಬೆರಳ ಸಂದಿಯಿಂದ ಸೋರಿತು. ಯಾರಿಗೂ ಗೊತ್ತಿರಲಿಲ್ಲ. ಇಷ್ಟು ದಿನ ಹೀಗೊಂದು ಪ್ರಶ್ನೆ ಇದೆ ಎಂದೂ ಗೊತ್ತಿರಲಿಲ್ಲ. ಇನ್ನು ಅದನ್ನು ಕೇಳದೆ ಒಂದು ಗುಟುಕೂ ಇಳಿಯುವಂತಿರಲಿಲ್ಲ.

ಮರುದಿನ ಕಸ್ತೂರಿ, ಕೆಂಪವ್ವ, ಕಾಜಲ್ ನಲ್ಲಿಯ ನೀರು ಹಿಡಿದುಕೊಂಡು ಗೋಕಾಕಿನ ಬಸ್ಸು ಹತ್ತಿದರು. ಮಾಯವ್ವ ಆಯಿಯೂ ಬಿಡಲಿಲ್ಲ, ಹತ್ತಿದಳು. ನೀರು ತಪಾಸಣೆಯ ಕಚೇರಿಯಲ್ಲಿ ಸಾಹೇಬರು ಕತ್ತೆತ್ತಿ ನೋಡಿದರು.

"ಇಲ್ಲಿ ಉಪ್ಪು, ಸುಣ್ಣದ ಅಂಶ ನೋಡ್ತೀವಿ. ಎಣ್ಣಿ ಗಿಣ್ಣಿ ನೋಡೂ ಮಷಿನ್ ಇಲ್ಲ. ಅದು ಬೆಂಗಳೂರಿಗಿ ಹೋಗಬೇಕು."

"ಕಳಸ್ರಿ," ಕಸ್ತೂರಿ ಅಂದಳು.

"ಕಳಿಸಿದ್ರೂ ವರದಿ ಪಂಚಾಯ್ತಿಗಿ ಬರ್ತೈತಿ. ನಿಮ್ಮ ಕೈಯಾಗ ಕೊಡಾಕ ಬರೂದಿಲ್ಲ."

"ಪಂಚಾಯ್ತಿ ಕುಡಿಯೂದಿಲ್ಲ," ಕೆಂಪವ್ವ ಹೇಳಿದಳು. "ಕುಡಿಯೋರು ನಾವು. ನಮಗ ಹೇಳ್ರಿ."

"ಹಂಗ ನಿಯಮ ಇಲ್ಲವಾ."

"ನಿಯಮ ಮಾಡೋರನ್ನ ಕೇಳ್ರಿ. ನಾವು ಕುಂತಿರ್ತೀವಿ."

ಅವಳು ಅಲ್ಲೇ ಮೇಜಿನ ಮುಂದೆ ಕಾಲು ಮಡಚಿ ಕೂತಳು. ಮಾಯವ್ವ ಕೂತಳು. ಕಾಜಲ್ ಕೂತಳು. ಕಸ್ತೂರಿಯೂ ಕೂತಳು. ಬಾಗಿಲಲ್ಲಿ ನಿಂತಿದ್ದ ಬೇರೆ ಊರಿನವರು ಇಣುಕಿ ನೋಡಿದರು. ಅವರಲ್ಲೊಬ್ಬಳು, "ಏನ್ ಆಗೈತ್ರಿ?" ಎಂದು ಕೇಳಿ, ವಿಷಯ ತಿಳಿದು, ತನ್ನ ಚೀಲ ಕೆಳಗಿಟ್ಟು ತಾನೂ ಕೂತಳು.

ಸಾಹೇಬರು ಫೋನು ಎತ್ತಿಕೊಂಡರು. ಯಾರಿಗೆ ಮಾಡಬೇಕೆಂಬುದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.